ತುಂಬುಕಿವಿ

"ಇವ ನಿಮ್ಮ ದಡ್ಡ ಮಗ ಅಲ್ಲೇನ್ರಿ?"

ಬನಹಟ್ಟಿಯ ಆ ಚಿಕ್ಕ ಅಂಗಳದ ಪೆಂಡಾಲಿನಲ್ಲಿ ಎರಡೂ ಕಡೆಯ ಬೀಗರು, ನೆಂಟರು, ಓಣಿಯ ಮಂದಿ ಕಿಕ್ಕಿರಿದು ಕೂತಿದ್ದರು. ಬ್ಯಾಂಡಿನವರು ತಿಂದ ಉಪ್ಪಿಟ್ಟಿನ ಋಣ ತೀರಿಸುವವರಂತೆ ಗಲ್ಲ ಉಬ್ಬಿಸಿ ಊದುತ್ತಿದ್ದರು. ಅಷ್ಟು ಗದ್ದಲದ ನಡುವೆ ಗಂಡಿನ ಅಪ್ಪ, ಮಹಾಲಿಂಗಪುರದ ಗುರುಸಿದ್ದಪ್ಪ, ಬನಪ್ಪನತ್ತ ಕೈ ಮಾಡಿ ಆಡಿದ ಮಾತು ಅದು. ಆಡಿ ನಕ್ಕ. ಅವನ ಹಿಂದೆ ಕೂತವರೂ ನಕ್ಕರು.

ಬನಪ್ಪನ ಕೈಯಲ್ಲಿ ಸಕ್ಕರೆಯ ತಾಟು ಇತ್ತು. ತಂಗಿ ಶಾಕಾಂಬರಿಯ ನಿಶ್ಚಯದ ಸಕ್ಕರೆ. ಹೆಣ್ಣಿನ ಅಣ್ಣ ಗಂಡಿನ ಅಪ್ಪನ ಬಾಯಿಗೆ ಒಂದು ಚಿಟಿಕೆ ಹಾಕಿದರೆ ಮಾತು ಗಟ್ಟಿಯಾದಂತೆ, ಇವರ ಕಡೆಯ ವಾಡಿಕೆ. ತಾಟು ಗಾಳಿಯಲ್ಲಿ ಹಾರಿದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ. ಅದು ಗುರುಸಿದ್ದಪ್ಪನ ಹಣೆಗೆ ಬಡಿದ ಸದ್ದು ಮಾತ್ರ ಮಗ್ಗದಲ್ಲಿ ಕಿವಿ ಕಳೆದುಕೊಂಡ ಮುದುಕರಿಗೂ ಕೇಳಿಸಿತು. ಬಿಳಿ ರುಮಾಲಿನ ಮೇಲೆ, ಮೀಸೆಯ ಮೇಲೆ, ಹೊಸ ಅಂಗಿಯ ಮಡಿಕೆಗಳಲ್ಲಿ ಸಕ್ಕರೆ.

"ಏನಂದಿ? ಇನ್ನೊಮ್ಮೆ ಅನ್ನು! ಧಮ್ ಇದ್ರ ಇನ್ನೊಮ್ಮೆ ಅನ್ನು!"

ನಾಲ್ಕು ಮಂದಿ ಬನಪ್ಪನನ್ನು ಹಿಡಿದುಕೊಂಡರು. ತಮ್ಮ ಮಹಾಂತೇಶ ಅವನ ಕಿವಿಗೆ ಬಾಯಿಟ್ಟು ಕೂಗಿದ, "ಅಣ್ಣಾ, ಅವ್ರು ದೊಡ್ಡ ಮಗ ಅಂದ್ರು! ದೊಡ್ಡ! ನಾ ನಿನಗಿಂತ ಗೇಣುದ್ದ ಎತ್ತರ ಅದೀನಲ್ಲ, ಯಾಂವ ದೊಡ್ಡಾಂವ ಯಾಂವ ಸಣ್ಣಾಂವ ತಿಳಿಯಲಿಲ್ಲಂತ ನಕ್ರು!"

"ನಂಗ ಕೇಳಿಸೇತಿ!" ಎಂದ ಬನಪ್ಪ. "ನನ್ನ ಕಿವಿಲೆ ನಾ ಕೇಳೀನಿ. ದಡ್ಡ ಅಂದಾನ!"

ಮಧ್ಯಾಹ್ನ ಪೆಂಡಾಲು ಬಿಚ್ಚುವವರು ಬಂದಾಗ ಅಂಗಳದಲ್ಲಿ ಮನುಷ್ಯರಿಗಿಂತ ಇರುವೆಗಳೇ ಹೆಚ್ಚಿದ್ದವು.

*

'ನನ್ನ ಕಿವಿಲೆ ನಾ ಕೇಳೀನಿ' ಎಂಬ ಮಾತನ್ನು ಆ ಊರಿನಲ್ಲಿ ಯಾರೂ ಎದೆ ತಟ್ಟಿ ಹೇಳುವ ಹಾಗಿರಲಿಲ್ಲ. ವಿದ್ಯುತ್ ಮಗ್ಗದ ಊರು ಅದು. ಹುಟ್ಟಿದ ಕೂಸು ತಾಯಿಯ ಜೋಗುಳಕ್ಕಿಂತ ಮೊದಲು ಲಾಳಿಯ ಖಟಪಟ ಕೇಳುತ್ತದೆ. ಮೂವತ್ತು ದಾಟುವುದರೊಳಗೆ ಅರ್ಧ ಕಿವುಡು. ಆಮೇಲೆ ಬಾಯಿ ನೋಡಿ ಮಾತು ತಿಳಿಯಬೇಕು, ಇಲ್ಲವೇ ತಿಳಿದವರಂತೆ ತಲೆ ಆಡಿಸಬೇಕು.

ಹಾಗಿರುವಾಗ ಹಳೆಯ ನೇಕಾರರ ಸೊಸೈಟಿ ಕಟ್ಟಡಕ್ಕೆ ಸುಣ್ಣ ಬಳಿದು ಕಿವಿ ಕೇಂದ್ರ ತೆರೆದರು. ಕಿವಿಯ ಹಿಂದಿನ ಎಲುಬಿಗೆ ಅಂಟಿಸುವ, ಹುಣಸೆಬೀಜದಷ್ಟು ದೊಡ್ಡ ಯಂತ್ರವೊಂದನ್ನು ಬೇಕೆಂದವರಿಗೆಲ್ಲ ಪ್ರಯೋಗಕ್ಕೆಂದು ಕೊಟ್ಟರು. ಹಳೆಯ ಶ್ರವಣಯಂತ್ರ ಸದ್ದನ್ನು ಬರೀ ದೊಡ್ಡದು ಮಾಡುತ್ತಿತ್ತು. ಸತ್ತ ಕಿವಿಗೆ ದೊಡ್ಡ ಸದ್ದು ಹಾಕಿದರೆ ದೊಡ್ಡ ಗದ್ದಲವಾಗುತ್ತದೆಯೇ ಹೊರತು ಮಾತಾಗುವುದಿಲ್ಲ. ಇದು ಹಾಗಲ್ಲ. ಎದುರಿಗಿದ್ದವರು ಮುಂದೆ ಏನು ಅನ್ನಬಹುದೆಂದು ಹಾಕಿಕೊಂಡವನ ಮಿದುಳು ಒಳಗೊಳಗೇ ಊಹಿಸುತ್ತದಲ್ಲ, ಆ ಊಹೆಯನ್ನು ಇದು ಚರ್ಮದ ಮೂಲಕ ಓದುತ್ತದೆ. ಕಿವಿಗೆ ಬಿದ್ದ ಮಾತಿನಲ್ಲಿ ತೂತು ಬಿದ್ದಲ್ಲೆಲ್ಲ ಆ ಊಹೆಯನ್ನೇ ಮಾತಾಡಿದವರ ದನಿಯಲ್ಲಿ ತುಂಬುತ್ತದೆ. ಜನ ಅದಕ್ಕೆ 'ತುಂಬುಕಿವಿ' ಎಂದು ಹೆಸರಿಟ್ಟರು.

ಮೊದಲ ತಿಂಗಳು ಊರಿಗೆ ಊರೇ ಹಬ್ಬ ಮಾಡಿತು. ಆಮೇಲೆ ಒಂದೊಂದೇ ತಮಾಷೆ ಶುರುವಾಯಿತು. ಚುನಾವಣೆಯ ಭಾಷಣ ಕೇಳಿ ಬಂದವರಲ್ಲಿ ಒಬ್ಬನಿಗೆ ಕರೆಂಟ್ ಬಿಲ್ ಮನ್ನಾ, ಮತ್ತೊಬ್ಬನಿಗೆ ಹೊಸ ಆಸ್ಪತ್ರೆ, ಮಗದೊಬ್ಬನಿಗೆ ತನ್ನ ಓಣಿಗೇ ನಳ ಕೇಳಿಸಿತ್ತು. ಭಾಷಣಕಾರ ಮಾತ್ರ ಮೈಕು ಕೆಟ್ಟು ಅರ್ಧಕ್ಕೇ ಇಳಿದು ಹೋಗಿದ್ದ. ಬನಪ್ಪನ ಅಪ್ಪ ತೋಟಪ್ಪ ಸ್ವಭಾವದಿಂದಲೇ ಸಮಾಧಾನಿ. ತುಂಬುಕಿವಿ ಹಾಕಿಕೊಂಡ ಮೇಲೆ ಅವನಷ್ಟು ಸುಖಿ ಊರಲ್ಲಿಲ್ಲ.

"ಪಲ್ಯಾಕ ಉಪ್ಪಿಲ್ಲ ತರ್ರಿ ಅಂದ್ರ, ಹೌದ ಬಿಡ, ತುಪ್ಪಾ ಭಾಳ ಚೊಲೊ ಐತಿ ಅಂತಾನ ಈ ಮನಶ್ಯಾ," ಎಂದು ಅವ್ವ ನೀಲವ್ವ ಓಣಿಯವರ ಮುಂದೆ ಹಣೆ ಬಡಿದುಕೊಳ್ಳುತ್ತಿದ್ದಳು. ಅವಳು ಮಾತ್ರ ಅದನ್ನು ಹಾಕಿಕೊಂಡಿರಲಿಲ್ಲ. "ನನ್ನ ಕಿವಿ ಎಷ್ಟ್ ಐತೋ ಅಷ್ಟ ಸಾಕು. ಎರವಲ ಕಿವಿ ಬ್ಯಾಡ."

ಬನಪ್ಪನಿಗೆ ಮಾತ್ರ ತುಂಬುಕಿವಿ ಬಂದಾಗಿನಿಂದ ಊರೆಲ್ಲ ತನ್ನನ್ನೇ ಆಡಿಕೊಳ್ಳುತ್ತಿದೆ ಎಂದು ಸ್ಪಷ್ಟವಾಗಿ ಕೇಳಿಸತೊಡಗಿತ್ತು. ಚಹಾದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮಗ್ಗದ ಶೆಡ್ಡಿನಲ್ಲಿ. ಏಳನೇ ತರಗತಿಗೆ ಸಾಲಿ ಬಿಟ್ಟವನು ಎಂದು, ಕೈಯಿದೆ ತಲೆಯಿಲ್ಲ ಎಂದು. ಮೊದಲು ಇದೆಲ್ಲ ಅನುಮಾನವಿತ್ತು. ಈಗ ದನಿ ಸಮೇತ ಕೇಳುತ್ತಿತ್ತು. ಮೂರು ಸಲ ಕೈ ಮಾಡಿದ್ದ. ಆದರೆ ಅವೆಲ್ಲ ಬೀದಿಯ ಜಗಳ. ಇದು ತಂಗಿಯ ನಿಶ್ಚಯ.

ಸಂಜೆ ಗುರುಸಿದ್ದಪ್ಪನ ಫೋನು ಬಂತು. ಮಹಾಂತೇಶ ಮಾತಾಡಿ ಬಂದು ಪಡಸಾಲೆಯಲ್ಲಿ ನಿಂತು ಹೇಳಿದ.

"ಬರೂ ಸೋಮವಾರ ನಾವು ಅವರ ಮನಿಗೆ ಹೋಗಬೇಕಂತ. ಅಣ್ಣ ಎಲ್ಲಾರ ಮುಂದ ತಪ್ಪಾತು ಅಂದು ಬಾಯಾಗ ಸಕ್ಕರಿ ಹಾಕಬೇಕಂತ. ಇಲ್ಲಾಂದ್ರ ಕಲ್ಮೇಶಗ ಬ್ಯಾರೆ ಕಡೆ ಹೆಣ್ಣ ನೋಡ್ತಾರಂತ."

ಕಲ್ಮೇಶ ಗುರುಸಿದ್ದಪ್ಪನ ಮಗ, ಶಾಕಾಂಬರಿ, ಮನೆಯವರ ಶಾಕಾ, ತಾನೇ ಆರಿಸಿಕೊಂಡ ಹುಡುಗ. ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಾ ಪರಿಚಯವಾಗಿ, ಎರಡೂ ಮನೆಯವರನ್ನು ಒಪ್ಪಿಸುವುದರೊಳಗೆ ಅವಳ ಕಣ್ಣಲ್ಲಿ ನೀರು ಬತ್ತಿತ್ತು. ಈಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ, ಬಯ್ಯಲಿಲ್ಲ. ಅದೇ ಬನಪ್ಪನಿಗೆ ತಡೆಯಲಾಗಲಿಲ್ಲ.

"ಅವ ದಡ್ಡ ಅಂದದ್ದು ಖರೇ ಅಂತ ತೋರಿಸ್ತೀನಿ," ಎಂದ. "ಈ ಯಂತ್ರದಾಗ ಎಲ್ಲಾ ರೆಕಾರ್ಡ್ ಆಗಿರತೈತಿ. ತಂದು ಎಲ್ಲಾರ ಮುಂದ ಹಚ್ಚತೀನಿ. ಆಮ್ಯಾಲ ಯಾಂವ ಯಾರಿಗೆ ತಪ್ಪಾತು ಅಂತಾನೋ ನೋಡೂನು."

ತೋಟಪ್ಪ ತಲೆಯಾಡಿಸಿದ. "ಚೊಲೊ ಆತು ಬಿಡು. ಹೋಗಿ ತಪ್ಪಾತು ಅಂದು ಬಾ."

*

ಕಿವಿ ಕೇಂದ್ರದ ಒಳಕೋಣೆಯಲ್ಲಿ ಗೋಡೆಯ ತುಂಬ ಪರದೆಗಳು. ಊರಿನಲ್ಲಿ ತುಂಬುಕಿವಿ ಹಾಕಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಗೆರೆ. ಗೆರೆ ಹಸಿರಾಗಿದ್ದರೆ ಆ ಗಳಿಗೆಯಲ್ಲಿ ಕೇಳುತ್ತಿರುವುದು ಕಿವಿಯಿಂದ ಬಂದದ್ದು, ಕೆಂಪಾಗಿದ್ದರೆ ಊಹೆಯಿಂದ ತುಂಬಿದ್ದು. ಬನಪ್ಪ ಒಳಗೆ ಕಾಲಿಟ್ಟಾಗ ಗೋಡೆಯ ಮುಕ್ಕಾಲು ಭಾಗ ಕೆಂಪಗಿತ್ತು. ಊರಿಗೆ ಊರೇ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಿತ್ತು.

ಕೇಂದ್ರ ನೋಡಿಕೊಳ್ಳುವ ಡಾಕ್ಟರ್ ಸುಚರಿತಾ ಮೈಸೂರಿನವಳು. ಮಾತು ಮೆತ್ತಗೆ, ಕೂದಲು ಅರ್ಧ ಬೆಳ್ಳಗೆ.

"ಮೇಡಂ, ನಿನ್ನೆ ನಮ್ಮ ಮನಿ ಕಾರ್ಯಕ್ರಮದಾಗ ಒಬ್ಬ ನನಗ ದಡ್ಡ ಅಂದ. ಅದನ್ನ ತಗದು ಕೊಡ್ರಿ," ಎಂದ ಬನಪ್ಪ, ನಿಂತೇ.

"ಕೂತ್ಕೊಳ್ಳಿ ಬನಪ್ಪ."

"ಕುಂದರಾಕ ಬಂದಿಲ್ಲ."

ಅವಳು ಯಂತ್ರವನ್ನು ಅವನ ಕಿವಿಯ ಹಿಂದಿನಿಂದ ಬಿಡಿಸಿ, ತಂತಿಗೆ ಸಿಕ್ಕಿಸಿ, ಪರದೆಯ ಮೇಲೆ ಬೆರಳಾಡಿಸಿದಳು. ಹೊರಕೋಣೆಯಿಂದ ಆಪರೇಟರ್ ಕಾಶೀಮ ಹೆಡ್‌ಫೋನ್ ತಂದುಕೊಟ್ಟ. ಮೊದಲು ಬನಪ್ಪನ ತಲೆಗೆ ತಲುಪಿದ ಸದ್ದು ಹಾಕಿದಳು. ಬ್ಯಾಂಡು, ನಗು, ನಡುವೆ ಗುರುಸಿದ್ದಪ್ಪನ ಗಡಸು ದನಿ: ಇವ ನಿಮ್ಮ ದಡ್ಡ ಮಗ ಅಲ್ಲೇನ್ರಿ?

"ಐತಿಲ್ಲೋ!" ಬನಪ್ಪ ಮೇಜು ಗುದ್ದಿದ. "ಇದನ್ನ ಕೊಡ್ರಿ ನಂಗ."

"ಇದು ನೀವು ಕೇಳಿದ್ದು. ಈಗ ಮೈಕಿಗೆ ಬಿದ್ದದ್ದು ಕೇಳಿ."

ಎರಡನೆಯದರಲ್ಲಿ 'ಇವ ನಿಮ್ಮ' ಎಂಬುದು ಹೇಗೋ ಇತ್ತು. ಆಮೇಲೆ 'ದ' ಎಂಬಂಥ ಒಂದು ತಟ್ಟು. ಅದರ ಬೆನ್ನಿಗೇ ಬ್ಯಾಂಡಿನ ತುತ್ತೂರಿ ಬಾಯಿ ಹರಿದಂತೆ ಮೊಳಗಿತ್ತು. ತುತ್ತೂರಿ ಇಳಿದಾಗ 'ಡ್ಡ ಮಗ ಅಲ್ಲೇನ್ರಿ' ಎಂದು ಮಾತು ಮುಗಿದಿತ್ತು. ನಡುವಿನ ಸ್ವರ ಇದ್ದ ಜಾಗದಲ್ಲಿ ತೂತು. ಹೂಂ, ಬರೀ ತೂತು.

ಬನಪ್ಪ ಇನ್ನೊಮ್ಮೆ ಹಾಕಲು ಹೇಳಿದ. ಮತ್ತೊಮ್ಮೆ. ಪ್ರತಿಸಲವೂ ಆ ತೂತಿನಲ್ಲಿ ದಡ್ಡ ಎಂದೇ ಕೇಳಿಸುತ್ತಿತ್ತು, ಯಂತ್ರವಿಲ್ಲದೆಯೂ.

"ನೀವ ಕೇಳ್ರಿ," ಎಂದು ಹೆಡ್‌ಫೋನನ್ನು ಕಾಶೀಮನಿಗೆ ಕೊಟ್ಟ. ಅವನು ಆಗಷ್ಟೇ ಹೊರಗಿನಿಂದ ಬಂದಿದ್ದ, ಜಗಳ ಯಾವುದೆಂದು ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳಿ ಅಂದ, "ಇವ ನಿಮ್ಮ ದೊಡ್ಡ ಮಗ ಅಲ್ಲೇನ್ರಿ. ಮತ್ತೇನೈತಿ ಇದರಾಗ?"

"ಸುಳ್ಳ! ದಡ್ಡ ಅಂದಾನ!"

"ಸುಳ್ಳ್ಯಾಕ ಹೇಳ್ಲೋ ಮಾರಾಯ. ಮಂದಿ ದೊಡ್ಡ ಮಗ, ಸಣ್ಣ ಮಗ ಅಂತಾರ. ದಡ್ಡ ಮಗ ಅಂತ ಯಾರರೆ ಪರಿಚಯ ಕೇಳ್ತಾರೇನು?"

"ಮೇಡಂ, ನಿಮಗೇನ ಕೇಳಿಸ್ತು? ಖರೇ ಹೇಳ್ರಿ."

ಸುಚರಿತಾ ಹೆಡ್‌ಫೋನ್ ತಾನೇ ಹಾಕಿಕೊಂಡು ಕೇಳಿದಳು. "ದಡ್ಡ."

ಬನಪ್ಪನ ಮುಖ ಅರಳಿತು.

"ಆದ್ರೆ ನೀವು ಬಾಗಿಲಲ್ಲೇ 'ಒಬ್ಬ ನನಗ ದಡ್ಡ ಅಂದ' ಅಂತ ಹೇಳ್ಕೊಂಡೇ ಬಂದ್ರಲ್ಲ. ಅಲ್ಲಿಗೆ ನನ್ನ ಕಿವಿ ಕೆಟ್ಟೋಯ್ತು. ಇನ್ನು ನನ್ನ ಸಾಕ್ಷಿಗೆ ಬೆಲೆ ಇಲ್ಲ. ಕಿವಿಯಿಂದ ಒಳಗೆ ಹೋಗೋದು ಯಾವತ್ತೂ ಪೂರ್ತಿ ಮಾತಲ್ಲ, ಬನಪ್ಪ. ಚೂರು ಚೂರು. ಮಿದುಳು ಅದಕ್ಕೆ ಕಾಯ್ತಾ ಕೂರಲ್ಲ, ಮುಂದೇನು ಬರುತ್ತೆ ಅಂತ ಮೊದಲೇ ಊಹೆ ಮಾಡಿಟ್ಕೊಂಡಿರುತ್ತೆ. ಬಂದದ್ದು ಹೊಂದಿದ್ರೆ ಸರಿ. ಹೊಂದದೇ ಹೋದ್ರೆ ಬೆಚ್ಚುತ್ತೆ, ಊಹೆಯನ್ನ ತಿದ್ದಿಕೊಳ್ಳುತ್ತೆ. ಮಗು ಮಾತು ಕಲಿಯೋದು, ನೀವು ಮಗ್ಗ ಕಲಿತದ್ದು, ಎಲ್ಲ ಹೀಗೇ."

"ಬಂದದ್ದ ಅರ್ಧಾ ಇದ್ರ?"

"ಉಳಿದರ್ಧ ಊಹೆಯದೇ. ಅದು ಊಹೆ ಅಂತ ನಿಮಗೆ ಗೊತ್ತಾಗಲ್ಲ. ಕೇಳಿಸಿದ ಹಾಗೇ ಇರುತ್ತೆ." ಅವಳು ಪರದೆಯ ಮೇಲೆ ಎರಡು ಗೆರೆ ತೋರಿಸಿದಳು. "ಮೇಲಿನದು ಅವರ ದನಿ. ಕೆಳಗಿನದು ನಿಮ್ಮ ಮಿದುಳು. ನೋಡಿ, ಅವರು ಬಾಯಿ ತೆರೆಯೋಕೆ ಮುಂಚೆನೇ ನಿಮ್ಮಲ್ಲಿ ಆ ಶಬ್ದ ತಯಾರಾಗಿದೆ."

ಬನಪ್ಪ ಗೆರೆಗಳನ್ನು ದಿಟ್ಟಿಸಿದ. ಅವನ ಕೆಳಗಿನ ಗೆರೆ ಗುರುಸಿದ್ದಪ್ಪನ ಗೆರೆಗಿಂತ ಮೊದಲೇ ಎದ್ದು ನಿಂತಿತ್ತು, ಹೊಡೆಯಲು ಎತ್ತಿದ ಕೈಯಂತೆ.

"ಹಂಗಾದ್ರ ನಾ ಸುಳ್ಳ ಕೇಳೀನಿ ಅಂತೀರೇನು?"

"ಹಾಗೂ ಹೇಳಕ್ಕಾಗಲ್ಲ. ಊಹೆ ನಿಜವೂ ಆಗಬಹುದಲ್ಲ. ಮಳೆ ಬರುತ್ತೆ ಅಂತ ನೀವು ಮೊದಲೇ ಅಂದುಕೊಂಡ ಮಾತ್ರಕ್ಕೆ, ಬಂದ ಮಳೆ ಸುಳ್ಳಾಗುತ್ತಾ? ಅವರು ಅಂದಿರಲೂಬಹುದು."

"ಅಂದಾನೋ ಇಲ್ಲೋ? ಎರಡರಾಗ ಒಂದ ಹೇಳ್ರಿ!"

"ಗೊತ್ತಿಲ್ಲ."

"ಇಷ್ಟ್ ಮಷೀನ್ ಇಟಗೊಂಡು ಗೊತ್ತಿಲ್ಲ ಅಂತೀರಲ್ರಿ! ನಾಚಿಕಿ ಆಗಂಗಿಲ್ಲೇನು?"

"ಆಗುತ್ತೆ," ಎಂದಳು ಸುಚರಿತಾ.

*

ಯಂತ್ರವನ್ನು ಜೇಬಿಗೆ ಹಾಕಿಕೊಂಡು ಬನಪ್ಪ ಬರಿಗಿವಿಯಲ್ಲಿ ಮನೆಗೆ ನಡೆದ. ಎರಡೂ ಬದಿಯ ಶೆಡ್ಡುಗಳಲ್ಲಿ ಮಗ್ಗಗಳು ಓಡುತ್ತಿದ್ದವು. ಸದ್ದು ಕಿವಿಗಿಂತ ಅಂಗಾಲಿಗೆ ಹೆಚ್ಚು ತಿಳಿಯುತ್ತಿತ್ತು. ಎದುರಿಗೆ ಬಂದವರ ಬಾಯಿಗಳು ಆಡುತ್ತಿದ್ದವು. ಏನು ಅಂದರೋ. ನಕ್ಕವರು ಯಾಕೆ ನಕ್ಕರೋ. ಈಗ ತುಂಬುವ ಯಂತ್ರವಿಲ್ಲ, ಇನ್ನು ಮೇಲೆ ಕೇಳಿಸಿದ್ದಷ್ಟೇ ಖರೆ ಎಂದುಕೊಂಡ. ಆ ವಿಚಾರ ಮನೆ ಮುಟ್ಟುವವರೆಗೆ ಮಾತ್ರ ಬಾಳಿತು.

ಅವ್ವ ಅಡುಗೆಮನೆಯ ಹೊಸ್ತಿಲ ಬಳಿ ಗೋಡೆಗೆ ಆತು ಕೂತಿದ್ದಳು. ಇವನನ್ನು ಕಂಡವಳೇ ತುಟಿ ಮುಂದೆ ಮಾಡಿ ಏನೋ ಅಂದಳು. ಹಾಳಾಗಿ ಹೋಗು, ತಂಗಿ ಬಾಳೇ ಹಾಳ ಮಾಡಿದಿ. ಬನಪ್ಪನಿಗೆ ಅದು ಚೊಕ್ಕಾಗಿ ಕೇಳಿಸಿತು.

"ಹೂಂ, ಬಯ್ಯಿ. ಎಲ್ಲಾರೂ ಬಯ್ರಿ. ಮನಿ ಒಳಗ ಕಾಲ ಇಡೂದ್ರೊಳಗ ಬಯ್ಯಾಕ ಚಾಲೂ ಮಾಡಿದೆಲ್ಲ!"

ನೀಲವ್ವ ಕಣ್ಣರಳಿಸಿ ನೋಡಿದಳು. ಎದ್ದು ಬಂದು, ಅವನ ಕಿವಿ ಹಿಡಿದು ಎಳೆದು, ಅದರೊಳಗೇ ಕೂಗಿದಳು.

"ಬಸ್ಯಾಗ ಚಹಾ ಊದಾಕತ್ತೀನೋ, ಖೋಡಿ! ಚಹಾ ಸುಡಾಕತ್ತೇತಿ! ನಿನ್ನ ಯಾಕ ಬಯ್ಯಲಿ?"

ಅವಳ ಇನ್ನೊಂದು ಕೈಯಲ್ಲಿ ಚಹಾ ಆರಿಸುವ ಬಸಿ ತಟ್ಟೆ ಇತ್ತು. ಚಹಾ ತುಳುಕಿ ಅವನ ಕಾಲ ಮೇಲೆ ಬಿತ್ತು. ಬನಪ್ಪ ಬಸಿ ನೋಡಿದ, ಅವ್ವನ ತುಟಿ ನೋಡಿದ. ಜೇಬು ಮುಟ್ಟಿ ನೋಡಿಕೊಂಡ. ಯಂತ್ರ ಜೇಬಿನಲ್ಲೇ ಇತ್ತು.

ಅಲ್ಲೇ ಕುಸಿದು ಕೂತ. ಅವನ ತಲೆಯಲ್ಲಿ ಏನೋ ಒಂದು ಎಳೆ ಹರಿದಂತಾಗಿ, ಅದನ್ನು ಹಿಡಿದು ಎಳೆದರೆ ಹಿಂದಕ್ಕೆ, ಇನ್ನೂ ಹಿಂದಕ್ಕೆ ಬಿಚ್ಚುತ್ತಾ ಹೋಗುತ್ತಿತ್ತು. ಯಂತ್ರ ಬರುವ ಮೊದಲು ಕೇಳಿದ್ದು? ಅದಕ್ಕೂ ಮೊದಲು?

"ಅವ್ವಾ, ಏಳನೇತ್ತಾದಾಗ ಪತ್ತಾರ ಮಾಸ್ತರ್ರು ನಂಗ ಎಲ್ಲಾರ ಮುಂದ ದಡ್ಡ ಅಂದ್ರಲ್ಲ. ನೀ ದಡ್ಡ, ಹಿಂದ ಹೋಗಿ ಕೂಡು ಅಂತ. ಅದಕ್ಕ ನಾ ಸಾಲಿ ಬಿಟ್ಟೆ. ಹೌದಿಲ್ಲೋ?"

ಈ ಸಂಗತಿಯನ್ನು ಅವನು ಮನೆಯಲ್ಲಿ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತೇ ಇರುತ್ತದೆ ಎಂದುಕೊಂಡಿದ್ದ. ನೀಲವ್ವ ಅವನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು.

"ಏನಂದಿ? ದಡ್ಡ ಅಂದ್ರು ಅಂತ ಬಿಟ್ಟ್ಯಾ?"

"ಮತ್ತ್ಯಾಕ ಬಿಟ್ಟೆ ಅನಕೊಂಡಿದ್ದಿ?"

"ಮಾಸ್ತರ್ರು ಮನಿಗೆ ಬಂದಿದ್ರಲ್ಲೋ ಆಗ! 'ಹುಡುಗ ಎಲ್ಲಾರಗಿಂತ ದೊಡ್ಡಾಂವ ಅದಾನ, ಮುಂದ ಕುಂತ್ರ ಹಿಂದಿನವ್ರಿಗೆ ಹಲಿಗಿ ಕಾಣಂಗಿಲ್ಲ. ನೀ ದೊಡ್ಡಾಂವ, ಹಿಂದ ಕೂಡು ಅಂದೆ. ಅವತ್ತಿನಿಂದ ಸಾಲಿಗೆ ಬಂದಿಲ್ಲ, ಯಾಕ್ರಿ' ಅಂತ ಕೇಳಿದ್ರು. ನಿಂಗ ಮಗ್ಗದ ಆಸೆ ಹತ್ತೇತಿ ಅನಕೊಂಡ್ವಿ. ನಿಮ್ಮಪ್ಪಗೂ ಒಂದ ಕೈ ಬೇಕಾಗಿತ್ತು."

ಬನಪ್ಪ ತಡವಾಗಿ ಸಾಲಿಗೆ ಸೇರಿದವನು. ತರಗತಿಯಲ್ಲಿ ಎಲ್ಲರಿಗಿಂತ ಎರಡು ವರ್ಷ ದೊಡ್ಡವನು. ಅದು ನಿಜ. ಮಾಸ್ತರು ಸತ್ತು ಎಷ್ಟೋ ಕಾಲವಾಗಿತ್ತು. ಅದೂ ನಿಜ. ಅವ್ವನ ಕಿವಿಯೂ ಮಗ್ಗದ ಕಿವಿಯೇ. ಮಾಸ್ತರು ಹೊಸ್ತಿಲಲ್ಲಿ ನಿಂತು ನಿಜವಾಗಿ ಏನು ಹೇಳಿದರು, ಅವಳು ಏನು ಕೇಳಿಸಿಕೊಂಡಳು? ಯಾವ ತಾಯಿಯ ಮಿದುಳು ತನ್ನ ಮಗನ ಬಗ್ಗೆ ದಡ್ಡ ಎಂದು ಊಹಿಸುತ್ತದೆ?

ಸಿಟ್ಟು ಬಂತು. ಆದರೆ ಅದನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯಲಿಲ್ಲ. ಮೊದಲ ಸಲ ಹಾಗಾದದ್ದು. ಅವನ ಸಿಟ್ಟಿಗೆ ಯಾವತ್ತೂ ಒಂದು ಮುಖ ಇರುತ್ತಿತ್ತು.

"ದೊಡ್ಡಾಂವ ಅಂತ ಹಿಂದ ಕೂಡ್ರಿಸಿದ್ರಂತ ಇಟಗೋ," ಎಂದ ಕೊನೆಗೆ, ದನಿ ಒಡೆದು. "ಹಿಂದ ಕುಂತ್ರ ನಂಗೇನ ಕೇಳಿಸ್ತಿತ್ತವ್ವಾ? ಆಗೂ ನನ್ನ ಕಿವಿ ಅಷ್ಟಕ್ಕಷ್ಟ ಇತ್ತು. ದೊಡ್ಡ ಅಂದಿದ್ರೂ ಆಗೂದು ದಡ್ಡನಽ ಇತ್ತು."

ನೀಲವ್ವ ಮೆಲ್ಲಗೆ ಏನೋ ಅಂದಳು, ಅವನಿಗೆ ತಿಳಿಯಲಿಲ್ಲ.

*

ಮರುದಿನ ಮತ್ತೆ ಕಿವಿ ಕೇಂದ್ರಕ್ಕೆ ಹೋದ. ಈ ಸಲ ಹೇಳದೆಯೇ ಕೂತ.

"ಮೇಡಂ, ಇದು ಹಾಕ್ಕೊಳ್ಳದಿದ್ರೂ ನಂಗ ಕೇಳಸ್ತೈತಿ."

"ಗೊತ್ತಿತ್ತು. ಯಂತ್ರ ಏನೂ ಹೊಸದು ಕಲಿಸಿಲ್ಲ. ನೀವು ಕಲಿತದ್ದನ್ನ ಅದು ಜೋರಾಗಿ ಹೇಳ್ತು ಅಷ್ಟೇ." ಪರದೆಯಲ್ಲಿ ಅವನ ಗೆರೆ ತೆಗೆದಳು. "ಗಡಸು ದನಿಯ ಹಿರಿಯರು ಬಾಯಿ ತೆರೆದ ಕೂಡಲೇ ನಿಮ್ಮಲ್ಲಿ ಈ ಒಂದೇ ಶಬ್ದ ಎದ್ದು ನಿಲ್ಲುತ್ತೆ. ನೂರು ಮಾತಿಗೆ ಹೊಂದದಿದ್ರೂ ಪರವಾಗಿಲ್ಲ, ಒಂದಕ್ಕೆ ಹೊಂದಿದ್ರೆ ಮಿದುಳು 'ನಾ ಹೇಳಲಿಲ್ವಾ' ಅನ್ನುತ್ತೆ."

"ತಗೀರಿ ಹಂಗಾದ್ರ ಅದನ್ನ."

"ತೆಗೆಯಕ್ಕಾಗಲ್ಲ. ಬೇರೆ ಊಹೆ ಕೂರಿಸಬಹುದು. ತೂತು ಬಿದ್ದಲ್ಲೆಲ್ಲ ಒಳ್ಳೆ ಮಾತೇ ತುಂಬೋ ಹಾಗೆ. ನಿಮ್ಮ ತಂದೆಯವರಿಗೆ ತಾನಾಗೇ ಹಾಗಿದೆ. ಅವರ ಗೆರೆ ನೋಡಿ, ಎಷ್ಟು ನೆಮ್ಮದಿಯಾಗಿದೆ. ಸೋಮವಾರದ ಮಟ್ಟಿಗಾದ್ರೂ..."

ತೋಟಪ್ಪನ ಗೆರೆ ಪೂರ್ತಿ ಕೆಂಪಗೆ, ಕೆರೆಯ ನೀರಿನಂತೆ ನಿಶ್ಚಲವಾಗಿತ್ತು. ಹೊರಗಿನ ಒಂದು ಮಾತೂ ಅದನ್ನು ಅಲುಗಿಸುತ್ತಿರಲಿಲ್ಲ.

ಬನಪ್ಪ ಎದ್ದು ನಿಂತ. "ಅಂದ್ರ ಮಂದಿ ಉಗುಳಿದ್ರೂ ನಂಗ ಪನ್ನೀರ ಅನಸ್ತೈತಿ? ಬ್ಯಾಡ್ರೀ ಮೇಡಂ. ಕೆಟ್ಟದ್ದ ಕೇಳಿ ಹುಚ್ಚ ಆಗೂದೂ ಒಂದ, ಒಳ್ಳೇದ ಕೇಳಿ ಹುಚ್ಚ ಆಗೂದೂ ಒಂದ."

"ಹಾಗಾದ್ರೆ ಸೋಮವಾರ ಏನ್ ಮಾಡ್ತೀರಿ?"

ಅದು ಅವನಿಗೂ ಗೊತ್ತಿರಲಿಲ್ಲ. ಯಂತ್ರವನ್ನು ಮೇಜಿನ ಮೇಲಿಟ್ಟ. ಬಾಗಿಲವರೆಗೆ ಹೋದವನು ಮರಳಿ ಬಂದು ಎತ್ತಿಕೊಂಡ.

ಸಂಜೆ ಶಾಕಾ ಮಾಳಿಗೆಯ ಮೆಟ್ಟಿಲ ಮೇಲೆ ಅವನ ಪಕ್ಕ ಬಂದು ಕೂತಳು. ಅವಳಿಗೆ ಅಣ್ಣನೊಡನೆ ಮಾತಾಡುವ ಬಗೆ ಗೊತ್ತಿತ್ತು. ಮುಖ ಎದುರಿಗೆ ತಂದು, ತುಟಿ ಬಿಡಿಸಿ, ಒಂದೊಂದೇ ಮಾತು.

"ಅಣ್ಣಾ, ಒಂದ ಕೇಳ್ಲೇನು? ಅವ್ರು ಅಂದಾರ ಅಂತನಽ ಇಟಗೊ."

"ಅಂದಿಲ್ಲಂತ ಎಲ್ಲಾರೂ ಅಂತೀರಿ."

"ಅಂದಾರ ಅಂತ ಇಟಗೊ ಅಂದೆ. ಅಂದ್ರ ಅನ್ಲಿ ಬಿಡು. ಊರಾಗ ಅರ್ಧಾ ಮಂದಿ ಕೇಳಿಸದಿದ್ರೂ ಕೇಳಿಸಿದವರಂಗ ತಲಿ ಆಡಸ್ತಾರ. ನನ್ನ ಸಲುವಾಗಿ ನೀ ಒಂದ ಸಲ ಕೇಳಿಸಿದ್ರೂ ಕೇಳಿಸದವನಂಗ ಇರಾಕ ಆಗೂದಿಲ್ಲೇನು?"

ಬನಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ. ಇಷ್ಟು ಸಮೀಪದಿಂದ, ಇಷ್ಟು ನಿಧಾನವಾಗಿ ಆಡಿದ ಮಾತಿನಲ್ಲಿ ತೂತಿರಲಿಲ್ಲ. ಇವಳು ಇಂಥದ್ದನ್ನು ಕೇಳುತ್ತಾಳೆಂದು ಅವನ ಮಿದುಳು ಊಹಿಸಿಯೂ ಇರಲಿಲ್ಲ. ಅವನು ಬೆಚ್ಚಿದ.

*

ಗುರುಸಿದ್ದಪ್ಪನ ಮನೆಯ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ. ಬಿದಿರ ಗಳಗಳ ಮೇಲೆ ಕೆಂಪು, ಹಸಿರು, ಅರಿಶಿನ ಬಣ್ಣದ ನೂಲು ತೊಟ್ಟಿಕ್ಕುತ್ತಾ ಒಣಗುತ್ತಿತ್ತು. ಒಂದು ಮೋಟರು ಎಡೆಬಿಡದೆ ಗುಂಯ್‌ಗುಡುತ್ತಿತ್ತು. ಕಟ್ಟೆಯ ಮೇಲೆ ಜಮಖಾನೆ ಹಾಸಿ ಓಣಿಯ ಹಿರಿಯರನ್ನೆಲ್ಲ ಕೂರಿಸಿದ್ದರು. ಅವಮಾನವಾದದ್ದು ಎಲ್ಲರ ಮುಂದೆ, ತೊಳೆಯುವುದೂ ಎಲ್ಲರ ಮುಂದೆಯೇ ಆಗಬೇಕಲ್ಲ. ಗುರುಸಿದ್ದಪ್ಪನ ಹಣೆಯ ಮೇಲೆ ತಾಟಿನ ಅಂಚು ಬಡಿದ ಗುರುತು ಇನ್ನೂ ಇತ್ತು. ಕಲ್ಮೇಶ ಕಂಬಕ್ಕೆ ಆತು ನೆಲ ನೋಡುತ್ತಿದ್ದ. ಶಾಕಾ ಅವ್ವನ ಪಕ್ಕ ಕೂತಿದ್ದಳು.

ತುಂಬುಕಿವಿ ಬನಪ್ಪನ ಅಂಗಿಯ ಜೇಬಿನಲ್ಲಿತ್ತು. ಕಿವಿ ಬರಿದು.

ಮಹಾಂತೇಶ ಸಕ್ಕರೆಯ ತಾಟು ತಂದು ಅಣ್ಣನ ಕೈಗಿಟ್ಟ. ಇಟ್ಟ ಮೇಲೂ ತಾಟಿನ ಒಂದು ಅಂಚು ಹಿಡಿದೇ ಇದ್ದ.

"ಬಿಡಲೇ," ಎಂದ ಬನಪ್ಪ. "ಇವತ್ತ ಒಗ್ಯಾಂಗಿಲ್ಲ."

ಕಟ್ಟೆ ಹತ್ತಿ ಗುರುಸಿದ್ದಪ್ಪನ ಮುಂದೆ ನಿಂತ. ಬರುವಾಗ ಬಸ್ಸಿನಲ್ಲಿ ಹುಡುಕಿ ಇಟ್ಟುಕೊಂಡಿದ್ದ ಒಂದೇ ಮಾತು ಅವನ ಬಳಿ ಇತ್ತು. ಅದರಲ್ಲಿ ಸುಳ್ಳು ಇರಬಾರದು ಎಂದು ಹಟ ಹಿಡಿದಿದ್ದ.

"ತಾಟ ಒಗದದ್ದು ತಪ್ಪಾತ್ರಿ."

ಕೂತವರು ಮುಖ ಮುಖ ನೋಡಿಕೊಂಡರು. ಬರೀ ತಾಟು ಒಗೆದದ್ದು? ಮಿಕ್ಕದ್ದು? ಗುರುಸಿದ್ದಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಯಾಕೋ ಬಾಯಿ ತೆರೆದ. ಬನಪ್ಪ ಚಿಟಿಕೆಯಲ್ಲ, ಮುಷ್ಟಿ ತುಂಬ ಸಕ್ಕರೆ ತೆಗೆದು ಅವನ ಬಾಯಿಗೆ ಹಾಕಿದ. ಮೀಸೆಯ ಮೇಲೆಲ್ಲ ಸುರಿಯಿತು. ಯಾರೋ ಕಿಸಕ್ಕೆಂದರು. ನೀಲವ್ವ ಕೈಮುಗಿದು ಕಣ್ಣು ಮುಚ್ಚಿಕೊಂಡಳು. ಕಲ್ಮೇಶ ತಲೆ ಎತ್ತಿದ. ಮಾತು ಗಟ್ಟಿಯಾಗಿತ್ತು.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಗುರುಸಿದ್ದಪ್ಪನಿಗೆ ಖುಷಿಯಾಗಿತ್ತೋ, ಕೆಣಕುವ ಮನಸ್ಸಾಗಿತ್ತೋ, ಬನಪ್ಪನ ಭುಜದ ಮೇಲೆ ಭಾರವಾದ ಕೈ ಇಟ್ಟ. ಬಾಯಿ ತುಂಬ ಸಕ್ಕರೆ, ಹಿಂದೆ ಮೋಟರು. ಕೂತವರ ಕಡೆ ತಿರುಗಿ ಅಂದ.

"ಅವತ್ತ ನಾ ಏನ ಅಂದಿದ್ದೆ? ಈಗೂ ಅದನ್ನಽ ಅಂತೀನಿ. ಇವ ತೋಟಪ್ಪನ ದ—ಡ್ಡ ಮಗ!"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಮಹಾಂತೇಶನೂ ನಕ್ಕ. ತೋಟಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

"ಹೌದಿಲ್ಲೋ ತಮ್ಮಾ?" ಎಂದ ಗುರುಸಿದ್ದಪ್ಪ, ಬನಪ್ಪನ ಕಡೆ ತಿರುಗಿ.

ಬನಪ್ಪನಿಗೆ ಗೊತ್ತಿತ್ತು. ಆ ಬಾಯಿ ತೆರೆಯುವ ಮೊದಲೇ ತನ್ನ ತಲೆಯೊಳಗೆ ಶಬ್ದ ಎದ್ದು ನಿಂತಿತ್ತು, ಎತ್ತಿದ ಕೈಯಂತೆ. ಅದನ್ನು ಬಲವಂತದಿಂದ ಕೆಳಗಿಳಿಸಿ ಇನ್ನೊಂದು ಶಬ್ದವನ್ನು ಆ ತೂತಿನಲ್ಲಿಟ್ಟು ನೋಡಿದ. ಅದೂ ಹೊಂದಿತು. ಮತ್ತೆ ಮೊದಲಿನದನ್ನು ಇಟ್ಟ. ಅದೂ ಹೊಂದಿತು. ಗುರುಸಿದ್ದಪ್ಪನ ಕಣ್ಣು ನೋಡಿದ. ಅಲ್ಲಿ ಪ್ರೀತಿಯಿತ್ತೋ ಕುಹಕವಿತ್ತೋ. ಕಣ್ಣಿಗೂ ಒಂದು ತುಂಬುಕಿವಿ ಇರುತ್ತದೇನೋ. ಪತ್ತಾರ ಮಾಸ್ತರರೂ ಹೀಗೇ ಭುಜದ ಮೇಲೆ ಕೈ ಇಟ್ಟಿದ್ದರೇ? ನೆನಪಿಗೆ ಬಂತು. ನೆನಪಿಗೆ ಬಂದದ್ದು ನಿಜವೋ, ಈಗ ತುಂಬಿಕೊಂಡದ್ದೋ?

ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಶಾಕಾಳೂ ನೋಡುತ್ತಿದ್ದಳು, ಉಸಿರು ಹಿಡಿದು.

ಬನಪ್ಪ ತಾಟನ್ನು ತಮ್ಮನ ಕೈಗೆ ಕೊಟ್ಟ, ಒಂದು ಹರಳೂ ಚೆಲ್ಲದಂತೆ. ಭುಜದ ಮೇಲಿನ ಕೈಯನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟ. ಕಟ್ಟೆ ಇಳಿದು ಚಪ್ಪಲಿ ಮೆಟ್ಟಿದ.

"ತಮ್ಮಾ, ಕೇಳಿಸ್ತಿಲ್ಲೋ?" ಹಿಂದಿನಿಂದ ದನಿ ಬಂತು.

ಅಂಟುವ ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಅವನು ಒದ್ದೆ ನೂಲಿನ ಸಾಲುಗಳ ನಡುವೆ ಹಾದು, ತಿರುಗಿ ನೋಡದೆ, ಕೇಳಿಸದವನಂತೆ, ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.